ಮರೆಯಲ್ಲಿ ನಿಂತು ನೋಡಿದ ಮ್ಯಾಚುಗಳು

ಆಗೆಲ್ಲ ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಮನೆಗೆ ಬಂದು ಬ್ಯಾಗು ಎಸೆದರೆ ಮುಂದಿನ ಹೊತ್ತೆಲ್ಲ ನಮ್ಮದು. ರಾಜಾಜಿನಗರದ ನಮ್ಮ ಬೀದಿಯಲ್ಲಿ ಮಧ್ಯಾಹ್ನ ಕುಂಟೆಬಿಲ್ಲೆಯ ಮನೆ ಬರೆದರೆ ಸಂಜೆಯವರೆಗೂ ಅಳಿಸಿಹೋಗುತ್ತಿರಲಿಲ್ಲ, ಅಷ್ಟು ಕಡಿಮೆ ಗಾಡಿಗಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಮಾತ್ರ, ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿ ಹತ್ತಿರ ಬರುವವರೆಗೆ, ಗೆಳತಿಯರ ಕೈಗೆ ನಾನು ಸಿಗಲಿಲ್ಲ. ಅಜ್ಜನ ಕೈ ಹಿಡಿದು ಕಾಲೇಜುಗಳ ಫುಟ್‌ಬಾಲ್ ಮೈದಾನ ಸುತ್ತುತ್ತಿದ್ದೆ. ಅಮ್ಮನಿಗೆ ಅಜ್ಜ ಹೇಳುತ್ತಿದ್ದದ್ದು ಮಠಕ್ಕೆ ಹೋಗಿ ಬರುತ್ತೇವೆ ಎಂದು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಹೇಳುವಾಗ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ದಾವಣಗೆರೆಯಿಂದ ಬಂದು ಇಲ್ಲಿ ದರ್ಜಿಗಳಿಗೆ ಬೇಕಾದ ಗುಂಡಿ, ದಾರ, ಲೈನಿಂಗ್ ಬಟ್ಟೆಯ ಅಂಗಡಿ ಇಟ್ಟವರು ಅಜ್ಜ. ಆ ಹೊತ್ತಿಗೆ ಅಂಗಡಿಯನ್ನು ಅಪ್ಪ ನೋಡಿಕೊಳ್ಳುತ್ತಿದ್ದ. ಅಪ್ಪನ ತಮ್ಮ ವೀರೇಶ ಚಿಕ್ಕಪ್ಪ ಬಿ.ಕಾಂ ಕೊನೇ ವರ್ಷದಲ್ಲಿದ್ದ. ಕಾಲೇಜು ತಂಡದಲ್ಲಿ ಎಡಗಡೆಯ ಅಂಚಿನಲ್ಲಿ ಓಡುವ ಆಟಗಾರ. ಅವನಿಗೆ ಬ್ಯಾಂಕಿನ ಕೆಲಸ ಸಿಗಬೇಕೆಂಬುದು ಅಜ್ಜನ ಆಸೆ. ಬ್ಯಾಂಕಿನ ಪರೀಕ್ಷೆಯ ದಿನ ಚಿಕ್ಕಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಜ್ಜನ ಕಾಲಿಗೆ ಬಿದ್ದು ಹೊರಟವನು ಪರೀಕ್ಷೆಗೆ ಹೋಗದೆ ಮ್ಯಾಚು ಆಡಿ ಬಂದ. ಹಾಲ್ ಟಿಕೆಟ್ ಮಡಿಕೆ ಕೂಡ ಬಿಚ್ಚದೆ ಪ್ಯಾಂಟಿನ ಜೇಬಿನಲ್ಲಿತ್ತು. ಅಜ್ಜ ಬೈಯಲಿಲ್ಲ. ಮಾತು ಬಿಟ್ಟರು. ಒಂದೇ ಸಾಲಿನಲ್ಲಿ ಊಟಕ್ಕೆ ಕೂತು, ಅವನಿಗೆ ರೊಟ್ಟಿ ಹಾಕು ಎಂದು ಅಮ್ಮನಿಗೆ ಹೇಳುವರು. ಅವನ ಮುಖ ನೋಡುತ್ತಿರಲಿಲ್ಲ.

ಅಂಥವರು ಒಂದು ಶನಿವಾರ ನನ್ನನ್ನು ಬಸ್ಸು ಹತ್ತಿಸಿ ಮಾಗಡಿ ರಸ್ತೆಯ ಕಾಲೇಜೊಂದರ ಹತ್ತಿರ ಇಳಿಸಿದಾಗ ನನಗೆ ಏನೂ ತಿಳಿಯಲಿಲ್ಲ. ಕಲ್ಲಿನ ಕಾಂಪೌಂಡಿನ ಒಂದು ಕಡೆ ಗೋಡೆ ಕುಸಿದಿತ್ತು. ಅಲ್ಲಿ ಮಳೆಮರವೊಂದರ ಬುಡದಲ್ಲಿ ನಿಂತರೆ ಮೈದಾನ ಪೂರ್ತಿ ಕಾಣುತ್ತಿತ್ತು; ಮೈದಾನದವರಿಗೆ ನಾವು ಕಾಣುತ್ತಿರಲಿಲ್ಲ. ಕೆಂಪು ಧೂಳಿನ ನಡುವೆ ಹಳದಿ ಅಂಗಿಯ ಚಿಕ್ಕಪ್ಪ ಓಡುತ್ತಿದ್ದ. ಅವನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ನನ್ನ ಭುಜದ ಮೇಲಿನ ಅಜ್ಜನ ಕೈ ಬಿಗಿಯಾಗುತ್ತಿತ್ತು. ಆಟ ಮುಗಿದ ಮೇಲೆ ಗೇಟಿನ ಹತ್ತಿರ ಮಸಾಲೆ ಮಂಡಕ್ಕಿ ಕೊಡಿಸಿದರು. ಹಸಿ ಈರುಳ್ಳಿ, ಎಣ್ಣೆಯ ಘಾಟು, ಕೆಳಗೆ ಉಳಿದ ಕಡಲೇಬೀಜ.

"ಅವಂಗೆ ಹೇಳಬ್ಯಾಡ ತಂಗಿ," ಎಂದರು. "ನಾನು ಬಂದಿದ್ದೆ ಅಂತ ಗೊತ್ತಾದ್ರೆ, ಪರೀಕ್ಷೆ ಬಿಟ್ಟಿದ್ದು ಸರಿ ಅಂದಂಗಾಗ್ತತಿ."

ನಾನು ಕತ್ತಿನ ಲಿಂಗದ ಕರಡಿಗೆ ಮುಟ್ಟಿ ಆಣೆ ಮಾಡಿದೆ. ಆಣೆ ಮಾಡು ಎಂದು ಅವರು ಕೇಳಿರಲಿಲ್ಲ.

ಹೀಗೆ ಆರು ಮ್ಯಾಚು. ಮನೆಯಲ್ಲಿ ಚಿಕ್ಕಪ್ಪನ ಗೆಳೆಯರು ಸೇರಿದರೆ ಯಾವ ಮೈದಾನ ಒಳ್ಳೆಯದೆಂಬ ವಾದ ನಡೆಯುತ್ತಿತ್ತು. ಅವರದು ಹುಲ್ಲಿನ ಲೆಕ್ಕ, ನೆಲ ಎಷ್ಟು ಸಮ ಎಂಬ ಲೆಕ್ಕ, ಗ್ಯಾಲರಿಯಲ್ಲಿ ಎಷ್ಟು ಜನ ಕೂಗುತ್ತಾರೆಂಬ ಲೆಕ್ಕ. ಅಜ್ಜ ಒಳಗೆ ಕೂತು ಪೇಪರ್ ಓದುವವರಂತೆ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರ ಲೆಕ್ಕ ಬೇರೆ: ಮಗ ಚೆನ್ನಾಗಿ ಕಾಣಬೇಕು, ತಾವು ಕಾಣಬಾರದು. ಬಸವೇಶ್ವರನಗರದ ಕಾಲೇಜಿನ ಸುತ್ತ ಮನೆಗಳೇ ಇದ್ದವು, ಮರೆ ಇರಲಿಲ್ಲ. ಅಜ್ಜ ಎದುರು ಮನೆಯ ಬಾಗಿಲು ತಟ್ಟಿ, ಮಗುವಿಗೆ ಆಟ ನೋಡಬೇಕಂತೆ ಎಂದು ನನ್ನನ್ನು ಮುಂದೆ ಮಾಡಿದರು. ಆ ಮನೆಯ ಆಂಟಿ ತಾರಸಿಗೆ ಬಿಟ್ಟು ಮಜ್ಜಿಗೆ ಕೊಟ್ಟರು. ಒಣಹಾಕಿದ್ದ ಸೀರೆಗಳ ಸಂದಿಯಿಂದ ಅಜ್ಜ ಆಟ ನೋಡಿದರು. ಆ ದಿನ ಚಿಕ್ಕಪ್ಪ ಗೋಲು ಹೊಡೆದ. ಅಜ್ಜ ಸೀರೆಯ ಅಂಚು ಹಿಡಿದು ಬೇರೆ ಕಡೆ ತಿರುಗಿಕೊಂಡರು. ಅತ್ತರೋ ನಕ್ಕರೋ ನನಗೆ ಕಾಣಿಸಲಿಲ್ಲ.

ಗೋಲು ಹೊಡೆದಾಗಲೆಲ್ಲ ಚಿಕ್ಕಪ್ಪ ಗ್ಯಾಲರಿಯ ಕಡೆ ಒಮ್ಮೆ ನೋಡುತ್ತಿದ್ದ. ಉಳಿದ ಹುಡುಗರ ಮನೆಯವರು ಅಲ್ಲಿ ಎದ್ದು ನಿಂತಿರುತ್ತಿದ್ದರು. ಅವನು ನೋಡಿ, ತಲೆ ತಗ್ಗಿಸಿ, ತನ್ನ ಜಾಗಕ್ಕೆ ಓಡುತ್ತಿದ್ದ.

ಸೆಮಿಫೈನಲ್ ಕೆಂಗೇರಿ ಕಡೆಯ ಕಾಲೇಜಿನಲ್ಲಿತ್ತು. ಹುಡುಗರೆಲ್ಲ ಒಪ್ಪಿದ ಮೈದಾನ ಅದು. ಒಳ್ಳೆಯ ಹುಲ್ಲು, ಸಿಮೆಂಟಿನ ಮೆಟ್ಟಿಲು. ಆ ಬೆಳಿಗ್ಗೆ ಚಿಕ್ಕಪ್ಪ ಹಿತ್ತಲ ಕಲ್ಲಿನ ಮೇಲೆ ಕೂತು ಬೂಟಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದ. ನಾನು ಶಾಲೆಗೆ ಹೊರಟಿದ್ದೆ. ಹತ್ತಿರ ಕರೆದ.

"ಪುಟ್ಟಿ, ಅಪ್ಪಾಜಿ ನಿನ್ ಹತ್ರ ಯಾವತ್ತಾದ್ರೂ ನನ್ನ ಆಟದ ವಿಷಯ ಕೇಳಿದಾರಾ?"

ಬಾಯಿಗೆ ಬಂದಿತ್ತು. ಒಳಗೆ ಅಜ್ಜನ ಕೆಮ್ಮು ಕೇಳಿಸಿತು. ಆಣೆ ಮಾಡಿದ್ದೆ.

"ಇಲ್ಲ ಚಿಕ್ಕಪ್ಪ."

"ಹೋಗ್ಲಿ ಬಿಡು," ಎಂದು ಅವನು ಬೂಟು ತಿರುಗಿಸಿ ಮತ್ತೊಂದು ಮಗ್ಗುಲಿಗೆ ಎಣ್ಣೆ ಸವರಿದ.

ಆ ಮೈದಾನದ ಹಿಂದೆ ಒಂದು ದಿಬ್ಬವಿತ್ತು. ಅಲ್ಲಿ ಕೂತರೆ ಒಂದು ಕಡೆ ಮೈಸೂರು ರೈಲು, ಇನ್ನೊಂದು ಕಡೆ ಆಟ. ಅಜ್ಜ ಶಲ್ಯ ಹಾಸಿ ಕೂತರು. ಎರಡನೇ ಅರ್ಧದಲ್ಲಿ ಚಿಕ್ಕಪ್ಪ ಚೆಂಡಿನೊಂದಿಗೆ ಅಂಚಿನಲ್ಲಿ ಬರುತ್ತಿದ್ದ. ಎದುರಿನವನು ಕಾಲು ಹಾಕಿದ. ಚಿಕ್ಕಪ್ಪನ ಪಾದ ನೆಲದಲ್ಲಿ ಸಿಕ್ಕಿಕೊಂಡಿತು, ಮೈ ತಿರುಗಿತು. ಬಿದ್ದವನು ಏಳಲಿಲ್ಲ. ಅವನು ಕೂಗಿದ್ದು ದಿಬ್ಬದವರೆಗೂ ಕೇಳಿಸಿತು.

ಅಜ್ಜ ಶಲ್ಯವನ್ನೂ ಚಪ್ಪಲಿಯನ್ನೂ ಅಲ್ಲೇ ಬಿಟ್ಟರು. ಬರಿಗಾಲಲ್ಲಿ ಇಳಿದು, ಬೇಲಿ ದಾಟಿ, ಬಿಳಿ ಗೆರೆ ದಾಟಿ, ಮೈದಾನದ ಒಳಗೆ ಹೋದರು. ನಾನು ಹಿಂದೆಯೇ ಓಡಿದೆ. ರೆಫರಿ ತಡೆಯಲು ಬಂದವನು ಅವರ ಮುಖ ನೋಡಿ ಸರಿದ. ಅಜ್ಜ ಹುಲ್ಲಿನ ಮೇಲೆ ಕೂತು ಮಗನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡರು.

ಚಿಕ್ಕಪ್ಪ ಕಣ್ಣು ಬಿಟ್ಟ. "ಅಪ್ಪಾಜಿ, ನೀವು ಯಾವಾಗ ಬಂದ್ರಿ?"

"ಮೊದಲ್ನೇ ಮ್ಯಾಚಿಂದ ಬರಕತ್ತೀನಿ."

ಚಿಕ್ಕಪ್ಪ ನನ್ನ ಕಡೆ ನೋಡಿದ. ಅದರಲ್ಲಿ ಕೋಪವಿರಲಿಲ್ಲ, ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆಮೇಲೆ ಮೊಣಕೈಯಿಂದ ಮುಖ ಮುಚ್ಚಿಕೊಂಡ.

ಮಂಡಿಯ ಆಪರೇಷನ್ ಆಯಿತು. ನಡೆಯಬಹುದು, ಆಡುವಂತಿಲ್ಲ ಎಂದರು ಡಾಕ್ಟರು. ಆ ಎರಡು ತಿಂಗಳು ಅಜ್ಜ ಅವನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಆರೂ ಮ್ಯಾಚುಗಳನ್ನು ಅವನಿಗೇ ತಿರುಗಿ ಹೇಳಿದರು. ಯಾವ ಪಾಸು ತಪ್ಪಿತು, ಎಲ್ಲಿ ಅವನು ತಡಮಾಡಿದ, ಎಲ್ಲ ನೆನಪಿತ್ತು ಅವರಿಗೆ. ಮಾತು ಬಿಟ್ಟ ಮನೆಯಲ್ಲಿ ಅಷ್ಟು ಮಾತು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಐದು ವರ್ಷಕ್ಕೆ ಅಜ್ಜ ಹೋದರು.

ಚಿಕ್ಕಪ್ಪ ಈಗ ಬ್ಯಾಡರಹಳ್ಳಿಯಲ್ಲಿ ನಮ್ಮ ಅಂಗಡಿಯದೇ ಇನ್ನೊಂದು ಶಾಖೆ ನೋಡಿಕೊಳ್ಳುತ್ತಾನೆ. ಮೆಟ್ಟಿಲು ಹತ್ತುವಾಗ ಎಡಗಾಲು ಎಳೆಯುತ್ತಾನೆ. ಮಾಗಡಿ ರಸ್ತೆಯ ಮೈದಾನದ ಅರ್ಧ ಹೊಸ ಕಟ್ಟಡಕ್ಕೆ ಹೋಯಿತು, ಉಳಿದರ್ಧದಲ್ಲಿ ಕಾರು ನಿಲ್ಲಿಸುತ್ತಾರೆ. ಬಸವೇಶ್ವರನಗರದ ಆ ತಾರಸಿಯ ಮೇಲೆ ಎರಡು ಮಹಡಿ ಎದ್ದಿದೆ. ಕೆಂಗೇರಿಯ ದಿಬ್ಬವನ್ನು ಕಡಿದು ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಹುಡುಗರು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಬಲೆ ಬಿಗಿದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡುತ್ತಾರೆ. ನೋಡಲು ಬಂದವರು ನಿಲ್ಲುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಕಳೆದ ವರ್ಷ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ, ಇಷ್ಟು ವರ್ಷ ಗಂಟಲಲ್ಲೇ ಇದ್ದದ್ದನ್ನು ಕೇಳಿದೆ: ಆ ಬೆಳಿಗ್ಗೆ ನಾನು ನಿಜ ಹೇಳಬೇಕಿತ್ತಾ?

ಚಿಕ್ಕಪ್ಪ ಮುಂದೆ ಹರಡಿದ್ದ ಗುಂಡಿಗಳನ್ನು ಡಬ್ಬಿಗೆ ತುಂಬಿದ. "ಹೇಳಿದ್ರೆ ಅಪ್ಪಾಜಿ ಬರೋದು ನಿಲ್ಲಿಸಿಬಿಡ್ತಿದ್ರು ಕಣೇ. ನೀನು ಮಾಡಿದ್ದು ಸರಿನೇ."

ನಾನು ಎದ್ದು ಹೊರಡುವಾಗ ಮತ್ತೆ ಕರೆದ.

"ಆದ್ರೂ ಒಂದೇ ಒಂದು ಮ್ಯಾಚು," ಎಂದ. "ಅವರು ನೋಡ್ತಾ ಇದಾರೆ ಅಂತ ಗೊತ್ತಿದ್ದು ಆಡಬೇಕಿತ್ತು."