ಫೆರಿಯೋಲನ ಬೆನ್ನು

ಫೆರಿಯೋಲನ ಮುಖಕ್ಕಿಂತ ಅವನ ಬೆನ್ನು ನನಗೆ ಚೆನ್ನಾಗಿ ಗೊತ್ತು. ಸ್ಪೇನಿನ ಟರಗೋನಾ ಸೀಮೆಯ ನಮ್ಮೂರಿನಲ್ಲಿ ಹಬ್ಬವೆಂದರೆ ಮನುಷ್ಯರ ಹೆಗಲ ಮೇಲೆ ಮನುಷ್ಯರು ನಿಂತು ಕಟ್ಟುವ ಗೋಪುರ. ಫೆರಿಯೋಲ್ ಅದರ ತಳದವನು. ಅವನ ಹೆಗಲ ಮೇಲೆ ಅವನ ಹೆಂಡತಿ ರೆಮೆಯ್, ಅವಳ ಮೇಲೆ ಇನ್ನಷ್ಟು ಜನ, ತುತ್ತತುದಿಗೆ ಒಂದು ಮಗು; ಅದು ಕೈ ಎತ್ತಿದರೆ ಗೋಪುರ ಪೂರ್ತಿಯಾದಂತೆ. ಅವನು ಕುಸಿಯದಂತೆ ಹಿಂದಿನಿಂದ ಎದೆಯಾನಿಸಿ ನಿಲ್ಲುವವನು ನಾನು, ಬ್ಲಾಯ್. ನಮ್ಮ ಸುತ್ತ ಸುತ್ತುಸುತ್ತಾಗಿ ಊರೇ ಒತ್ತಿ ನಿಲ್ಲುತ್ತದೆ. ಉಳಿದ ದಿನಗಳಲ್ಲಿ ಫೆರಿಯೋಲ್ ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತಾನೆ, ಅವುಗಳನ್ನು ಬಾಯಿತುಂಬ ಬೈಯುತ್ತಾನೆ.

ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹಬ್ಬದಲ್ಲಿ ಗೋಪುರ ಅರ್ಧ ಏರಿತ್ತು. ಇದ್ದಕ್ಕಿದ್ದಂತೆ ಆ ಬೆನ್ನು ಬೆವತು, ಗಡಗಡ ನಡುಗಿತು.

"ಇಳೀರೋ! ಉಸಿರು ಕಟ್ತಿದೆ, ಸಾಯ್ತೀನಿ!" ಎಂದು ಕೂಗಿದ.

ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ. ಆಸ್ಪತ್ರೆಯಲ್ಲಿ, ಹೃದಯ ಗುಂಡುಕಲ್ಲಿನ ಹಾಗಿದೆ ಎಂದು ಕಳಿಸಿದರು. ಹಾಗಾದರೆ ನನ್ನ ಎದೆಗೆ ತಾಗುವಷ್ಟು ಜೋರಾಗಿ ಹೊಡೆದುಕೊಂಡದ್ದೇನು? ಆ ಪ್ರಶ್ನೆ ನನ್ನ ತಲೆಗೆ ಹೊಕ್ಕಿತು. ಅಷ್ಟರಲ್ಲಿ ಅವನಿಗೆ ಬೇಕರಿಯ ಸಾಲಿನಲ್ಲಿ, ಲಿಫ್ಟಿನಲ್ಲಿ, ಎಲ್ಲೆಂದರಲ್ಲಿ ಅದೇ ಕಾಟ ಶುರುವಾಯಿತು.

ತಂಡದ ಯಜಮಾನ ಸದುರ್ನಿ ಖಡಾಖಂಡಿತವಾಗಿ ಹೇಳಿದ: "ಬರೋ ಹಬ್ಬಕ್ಕೂ ನಿಲ್ಲೋಕಾಗ್ದಿದ್ರೆ ಆ ಜಾಗ ಬೇರೆಯವ್ರಿಗೆ."

"ಹಾಗಾದ್ರೆ ನಾನೂ ಹತ್ತಲ್ಲ. ಬೇರೆ ಗಂಡಸಿನ ಹೆಗಲು ನಂಗೆ ಒಗ್ಗಲ್ಲ" ಎಂದಳು ರೆಮೆಯ್. ಗಂಡನನ್ನು ಎಳೆದುಕೊಂಡೇ ಮನಶ್ಶಾಸ್ತ್ರಜ್ಞೆ ರೊಸೆರ್ ಹತ್ತಿರ ಹೋದಳು.

ಅಲ್ಲಿ ಏನಾಯಿತೆಂದು ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಟೊಮೇಟೊ ಉಜ್ಜಿದ ಬ್ರೆಡ್ಡು ತಿನ್ನಿಸಿ ಫೆರಿಯೋಲನ ಬಾಯಿ ಬಿಡಿಸಿದೆ.

"ಬೆಂಕಿ ಇಲ್ದೇ ಬೆಂಕಿ ಗಂಟೆ ಹೊಡ್ಕೊಂಡ ಹಾಗಂತೆ ಕಣೋ."

"ಹಾಗಾದ್ರೆ ಗಂಟೆ ನಿಲ್ಸೋದು ಹೇಗೆ?"

"ನಿಲ್ಸೋಕೂ ಹೋಗ್ಬಾರ್ದು, ಓಡಿಹೋಗ್ಲೂಬಾರ್ದಂತೆ. ಹೊಟ್ಟೆ ತನಕ ಉಸಿರೆಳ್ಕೊಂಡು, ನಿಧಾನಕ್ಕೆ ಬಿಡ್ತಾ, ಅಲ್ಲೇ ಇರ್ಬೇಕಂತೆ."

"ಉಸಿರಾಡೋದು ಕಲಿಯೋಕೆ ಫೀಸ್ ಬೇರೆ ಕೊಟ್ಯಾ!" ಎಂದೆ. ಅವನು ನಗಲಿಲ್ಲ.

ರೊಸೆರ್ ಕೋಣೆಯಲ್ಲಿ ಸರಾಗವಾಗಿ ಬರುತ್ತಿದ್ದ ಉಸಿರು ನಮ್ಮ ತಾಲೀಮಿನಲ್ಲಿ ಬರುತ್ತಿರಲಿಲ್ಲ. ಏಕೆಂದು ನೋಡಲು ರೊಸೆರ್ ತಾನೇ ಬಂದಳು. ಗೋಪುರಕ್ಕೆ ಮೊದಲು ಎಲ್ಲರೂ ಸೊಂಟಕ್ಕೆ ಉದ್ದನೆಯ ಕಪ್ಪು ಬಟ್ಟೆ ಕಟ್ಟುತ್ತೇವೆ. ಒಬ್ಬ ತುದಿ ಹಿಡಿಯುತ್ತಾನೆ, ಇನ್ನೊಬ್ಬ ತಿರುಗುತ್ತ ಸುತ್ತಿಕೊಳ್ಳುತ್ತಾನೆ. ನಮ್ಮ ತಂಡದಲ್ಲಿ ಹೊಟ್ಟೆಯನ್ನು ಒಳಗೆಳೆದು ಬಿಗಿದಷ್ಟೂ ಗಂಡಸುತನ. ಫೆರಿಯೋಲನ ಹೊಟ್ಟೆ ಬೆನ್ನಿಗೇ ಅಂಟಿತ್ತು.

"ಹೀಗೆ ಬಿಗಿದ್ರೆ ಪಾಪ ಉಸಿರು ಎಲ್ಲಿಗೆ ಹೋಗ್ಬೇಕು?" ಎಂದಳು ರೊಸೆರ್.

"ಸಡಿಲ ಬಿಟ್ರೆ ಸೊಂಟ ಹೋಗುತ್ತೆ, ಮೇಡಂ! ನೀವು ಬಂದು ನಿಲ್ತೀರಾ?" ನನಗೆ ರೇಗಿತ್ತು.

"ಬಿಗೀರಿ. ಆದ್ರೆ ಹೊಟ್ಟೆ ತುಂಬ ಉಸಿರು ತಗೊಂಡ್ಮೇಲೆ ಬಿಗೀರಿ."

ಗುಟ್ಟಾಗಿ ನಾನೂ ಹಾಗೆ ಕಟ್ಟಿ ನೋಡಿದೆ. ಹಾಯೆನಿಸಿತು. ಅವಳಿಗೆ ಹೇಳಲಿಲ್ಲ, ಅಷ್ಟೆ.

ಆಮೇಲೆ ರೊಸೆರ್ ಫೆರಿಯೋಲನನ್ನು ಗುಂಪಿನ ಕಟ್ಟಕಡೆಯ ಸುತ್ತಿನಲ್ಲಿ, ಅಜ್ಜಿಯರ ನಡುವೆ ನಿಲ್ಲಿಸಿದಳು. "ಬಾರಪ್ಪ, ನಾನು ಹಿಡ್ಕೋತೀನಿ" ಎಂದು ಅಜ್ಜಿಯರು ಕಿಚಾಯಿಸಿದರು. ಅಲ್ಲಿ ನಿಲ್ಲಲು ಧೈರ್ಯ ಬಂದಮೇಲೆ ಒಂದು ಸುತ್ತು ಒಳಗೆ. ಒಮ್ಮೆ ಹೆದರಿ ಹೊರಗೋಡಿದ, ಅಂಗಳದಲ್ಲಿ ಕೂತು ಅತ್ತ. ಮಾರನೆಯ ವಾರ ಮತ್ತೆ ಅಜ್ಜಿಯರಿಂದಲೇ ಶುರುಮಾಡಿದ. ಬಿಗುಮಾನದ ಮನುಷ್ಯ, ಹೇಗೆ ಸಹಿಸಿದನೋ! ಗೋಪುರ ಹೊತ್ತಾಗಲೂ ಅವನ ಮೇಲೆ ನನಗೆ ಅಷ್ಟು ಗೌರವ ಹುಟ್ಟಿರಲಿಲ್ಲ.

ಹಬ್ಬ ಬಂತು. ಫೆರಿಯೋಲ್ ತಳದಲ್ಲಿ ನಿಂತ, ನಾನು ಎದೆ ಕೊಟ್ಟೆ, ರೆಮೆಯ್ ಹತ್ತಿದಳು. ಅವಳ ಮೇಲೆ ಮತ್ತಷ್ಟು ಕಾಲುಗಳು ಏರಿದವು. ಆಗ ಅವನ ಬೆನ್ನು ನಡುಗಿತು.

"ಬ್ಲಾಯ್, ಬಂತು ಕಣೋ."

ನಾನು ಎದೆಯನ್ನು ಇನ್ನಷ್ಟು ಒತ್ತಿ ಹಿಡಿದೆ. "ಇಳ್ಸೋಣ್ವಾ?"

"ಬೇಡ."

ಅವನು ನಿಧಾನಕ್ಕೆ ಉಸಿರು ಬಿಟ್ಟ. ಎದೆ ತಾಗಿದ್ದ ನಾನೂ ಅವನ ಜೊತೆಗೇ ಬಿಟ್ಟೆ. ಮತ್ತೆ ಎಳೆದ, ಮತ್ತೆ ಬಿಟ್ಟ. ಮೇಲೇನಾಗುತ್ತಿದೆಯೋ ನಮಗೆ ಕಾಣುವುದಿಲ್ಲ. ಚೌಕವೆಲ್ಲ ಹೋ ಎಂದಾಗ ತುದಿಯ ಮಗು ಕೈ ಎತ್ತಿದೆಯೆಂದು ತಿಳಿಯಿತು. ಒಬ್ಬೊಬ್ಬರೇ ಇಳಿದರು. ಕೊನೆಗೆ ಇಳಿದ ರೆಮೆಯ್ ಗಂಡನ ಕುತ್ತಿಗೆಗೆ ಜೋತುಬಿದ್ದಳು.

ನಾನು ತಡೆಯಲಾರದೆ ಕೇಳಿದೆ: "ಹೆದರಿಕೆ ಯಾವಾಗ ಹೋಯ್ತೋ?"

ಅವನು ಬೆವರು ಒರೆಸಿಕೊಂಡು ನಕ್ಕ.

"ಎಲ್ಲಿ ಹೋಯ್ತು? ಕೊನೇವರೆಗೂ ಇತ್ತು ಕಣೋ. ನಾನೂ ಇದ್ದೆ."