ಸ್ಟೌಟ್ ಮಾಗಲು ಬೇಕಾದ ವರ್ಷ

ಇಂಪೀರಿಯಲ್ ಸ್ಟೌಟ್ ಎನ್ನುವ ಕಪ್ಪು ಬಿಯರ್ ಮಾಮೂಲಿ ಬಿಯರಿಗಿಂತ ದುಪ್ಪಟ್ಟು ಕಡಕ್. ಕುದಿಸಿ, ಆರಿಸಿ, ಯೀಸ್ಟ್ ಹಾಕಿ, ಹುದುಗಿದ ಮೇಲೆ ಬಾಟಲಿಗೆ ತುಂಬಿ, ಒಂದು ವರ್ಷ ಮುಟ್ಟದೆ ಬಿಡಬೇಕು. ನಿಜ ಹೇಳಬೇಕೆಂದರೆ ನನ್ನ ಕಣ್ಣಿದ್ದದ್ದು ಆ ಒಂದು ವರ್ಷದ ಮೇಲೆ. ಹೆಂಡತಿಯ ಕೆಲಸದ ಹಿಂದೆ ಊರೂರು ಅಲೆದು ನನಗೆ ಸಾಕುಸಾಕಾಗಿತ್ತು. ಒಂದೇ ಮನೆಯಲ್ಲಿ ಒಂದು ವರ್ಷ ಕೂರಬೇಕೆನ್ನಿಸಿತ್ತು. ಇನ್ನು ಹೋಗೋದು ಬೇಡ ಎಂದು ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಹಾಗಾಗಿ ಇಪ್ಪತ್ತು ಲೀಟರ್ ಸ್ಟೌಟನ್ನು ಅಡ್ಡ ಇಟ್ಟೆ.

ಅವಳು ಅರಿವಳಿಕೆ ಡಾಕ್ಟರು. ನಾನು ಮೈಸೂರಿನ ಸಾಫ್ಟ್‌ವೇರಿನವನು. ಲ್ಯಾಪ್‌ಟಾಪ್ ಎಲ್ಲಿಟ್ಟರೂ ನನ್ನ ಕೆಲಸ ನಡೆಯುತ್ತದೆ, ಆಸ್ಪತ್ರೆಯನ್ನು ಎತ್ತಿ ತರಲಾಗುವುದಿಲ್ಲ. ಪ್ರತಿ ಸಲ ಈ ಒಂದು ಮಾತಿಗೆ ನಾನು ಸೋಲುತ್ತಿದ್ದೆ. ಮೊದಲು ಆಸ್ಟ್ರೇಲಿಯಾದ ಪರ್ತ್. ಆಮೇಲೆ ಬ್ರಿಸ್ಬೇನ್ ಕಡೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್. ಅಲ್ಲಿನ ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ ನನ್ನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ, ಎಲ್ಲರಿಗೂ ನಾನು 'ಡಾಕ್ಟರ್ ಹಸ್ಬೆಂಡ್'. ಅಲ್ಲಿಂದ ಅಡಿಲೇಡಿನ ಕಿಲ್ಬರ್ನ್. ಮೂರನೇ ಮನೆಗೆ ಬರುವ ಹೊತ್ತಿಗೆ ಕೆಲವು ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚುವುದನ್ನೇ ಬಿಟ್ಟಿದ್ದೆ.

ಕಿಲ್ಬರ್ನ್‌ನಲ್ಲಿ ನಮ್ಮ ಬೀದಿಯ ಕೊನೆಗೆ, ಗೋದಾಮುಗಳ ಮಧ್ಯೆ, ಮನೆಯಲ್ಲೇ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಯೊಂದಿತ್ತು. ಅದರ ಮುದುಕ ಮಾಲೀಕ ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಟ್ಟ. ಯಾರೋ ರಸ್ತೆಬದಿಗೆ ಬಿಸಾಡಿದ್ದ ಹಳೇ ಫ್ರಿಜ್ಜನ್ನು ಗ್ಯಾರೇಜಿಗೆ ತಂದೆ. ಒಳಗೆ ಬಿಸಿಯಾಗುವ ಬೆಲ್ಟೊಂದನ್ನು ಸುತ್ತಿ, ಎಷ್ಟು ಡಿಗ್ರಿ ಬೇಕೋ ಅಷ್ಟಕ್ಕೆ ನಿಲ್ಲಿಸುವ ಸಣ್ಣ ಡಬ್ಬಿ ಜೋಡಿಸಿದೆ. ಮುದುಕ ಒಂದೇ ಮಾತನ್ನು ನಾಲ್ಕು ಸಲ ಹೇಳಿದ್ದ: ಹತ್ತೊಂಬತ್ತು ಡಿಗ್ರಿ, ಮೊದಲ ಮೂರು ದಿನ ಬಾಗಿಲು ತೆಗೆಯಬೇಡ. ಜುಲೈ ತಿಂಗಳ ಒಂದು ಗುರುವಾರ ರಜೆ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ, ದೊಡ್ಡ ಡಬ್ಬಕ್ಕೆ ತುಂಬಿ ಫ್ರಿಜ್ಜಿನೊಳಗಿಟ್ಟೆ. ಹುರಿದ ಬಾರ್ಲಿಯ ವಾಸನೆ ರಾಗಿ ಹುರಿದಂತೆ ಮನೆ ತುಂಬಿತು. ಆಸ್ಪತ್ರೆಯಿಂದ ಬಂದವಳು ಬಾಗಿಲಲ್ಲೇ ನಿಂತು ಮೂಗರಳಿಸಿದಳು.

"ಯಾವಾಗ ಕುಡಿಯೋದು?"

"ಬರೋ ವರ್ಷ."

ಅವಳ ಮುಖ ಸಪ್ಪಗಾಯಿತು. ಸ್ನಾನಕ್ಕೆ ಹೋದಳು. ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ.

ಶನಿವಾರ ಬೆಳಿಗ್ಗೆ ತಟ್ಟೆಯಲ್ಲಿ ಇಡ್ಲಿ ಇತ್ತು. ಜುಲೈ ಅಲ್ಲಿ ಚಳಿಗಾಲ, ಅಡಿಲೇಡಿನ ಆ ಚಳಿಗೆ ನಮ್ಮ ಹಿಟ್ಟು ಉಬ್ಬಿದ್ದೇ ಇಲ್ಲ. ಎರಡು ದಿನ ಇಟ್ಟರೂ ರುಬ್ಬಿದಷ್ಟೇ ಇರುತ್ತಿತ್ತು, ಇಡ್ಲಿ ಕಲ್ಲು. ಅದನ್ನು ಹೇಳಿ ಹೇಳಿ ಅವಳ ತಲೆ ತಿಂದಿದ್ದೆ. ಈ ಇಡ್ಲಿ ಮಾತ್ರ ಮಲ್ಲಿಗೆಯಂತಿತ್ತು. ಐದನೆಯದಕ್ಕೆ ಕೈಹಾಕಿದಾಗ ಅವಳು ಬಾಯಿಬಿಟ್ಟಳು.

"ಪರ್ತ್‌ನಲ್ಲಿ ಪರ್ಮನೆಂಟ್ ಪೋಸ್ಟ್ ಸಿಕ್ಕಿದೆ ಕಣೋ. ಸೆಪ್ಟೆಂಬರ್‌ಗೆ ಜಾಯಿನ್ ಆಗ್ಬೇಕು. ಇದೇ ಲಾಸ್ಟ್, ಪ್ರಾಮಿಸ್."

ಹೊರಟ ಊರಿಗೇ ವಾಪಸ್. ಮೂರು ಮನೆ ಕಟ್ಟಿ ಬಿಚ್ಚಿ, ಒಂದು ಸುತ್ತು ಹಾಕಿ, ಅಲ್ಲಿಗೇ. ನಾನು ಚಟ್ನಿ ಬಡಿಸಿಕೊಂಡೆ. "ಕಂಗ್ರಾಟ್ಸ್" ಅಂದೆ. ನಾನು ಇನ್ನೇನಾದರೂ ಹೇಳುವೆನೆಂದು ಅವಳು ಕಾದಳು. ಆಮೇಲೆ ಆಸ್ಪತ್ರೆಯಿಂದ ಫೋನ್ ಬಂತು, ಹೊರಟುಹೋದಳು.

ಭಾನುವಾರ ಮಧ್ಯಾಹ್ನ, ಮೂರು ದಿನ ಮುಗಿಯಿತೆಂದು ಫ್ರಿಜ್ಜಿನ ಬಾಗಿಲು ತೆಗೆದೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಬಿಯರ್ ಡಬ್ಬದ ಮುಚ್ಚಳದ ಮೇಲಿನ ಗಾಳಿ ಹೋಗುವ ಕೊಳವೆ ಹಾರಿಹೋಗಿ ಕಂದು ನೊರೆ ಗೋಡೆಗೆಲ್ಲ ಮೆತ್ತಿಕೊಂಡಿತ್ತು. ಡಿಗ್ರಿ ತೋರಿಸುವ ಸಣ್ಣ ಡಬ್ಬಿಯಲ್ಲಿ ಮೂವತ್ತೊಂದು. ಕೆಳಗಿನ ಅರೆಯಲ್ಲಿ ಪಾತ್ರೆಯ ಗುಂಡನೆಯ ಗುರುತು, ಪಕ್ಕದಲ್ಲಿ ಒಣಗಿದ ಇಡ್ಲಿ ಹಿಟ್ಟು.

ಅವಳು ಶುಕ್ರವಾರ ಸಂಜೆ ಹಿಟ್ಟಿನ ಪಾತ್ರೆಯನ್ನು ಅಲ್ಲಿಟ್ಟು ಮೂವತ್ತಕ್ಕೆ ಏರಿಸಿದ್ದಳು. ಪಾತ್ರೆ ತೆಗೆಯುವಾಗ ಇಳಿಸಲು ಮರೆತಿದ್ದಳು. ಹಗಲೆಲ್ಲ ಬೇರೆಯವರ ಉಸಿರನ್ನು ಅಂಕಿಗಳಲ್ಲಿ ಕಾಯುವವಳು ನನ್ನ ಹತ್ತೊಂಬತ್ತನ್ನು ಮರೆತಳಲ್ಲ ಎಂದು ಮೈ ಉರಿಯಿತು. ಅಡುಗೆಮನೆಯಲ್ಲಿ ನಿಂತಿದ್ದವಳ ಮುಂದೆ ಕೂಗಾಡಿದೆ.

"ಮೂರು ಮನೆ ಹಾಳ್ ಮಾಡ್ದೆ. ಇದೊಂದ್ ಡಬ್ಬಾನೂ ಬಿಡ್ಲಿಲ್ವಲ್ಲ ನೀನು!"

ಬಿಯರಿನ ಸಿಟ್ಟು ಅದರಲ್ಲಿ ಕಾಲು ಭಾಗವೂ ಇರಲಿಲ್ಲ. ಅದು ಅವಳಿಗೂ ಗೊತ್ತಾಯಿತು. ಆಸ್ಪತ್ರೆಯ ಬಟ್ಟೆಯನ್ನೂ ಬಿಚ್ಚಿರಲಿಲ್ಲ, ಕಣ್ಣು ಕೆಂಪಾಗಿದ್ದವು.

"ನಿಂಗೋಸ್ಕರ ಮಾಡ್ದೆ ಇಡ್ಲೀನ. ಇರ್ಲಿ ಬಿಡು. ಒಂದ್ ವರ್ಷ ತಾನೆ ನಿಂಗೆ ಬೇಕಾಗಿರೋದು? ತಗೋ. ಇಲ್ಲೇ ಇರು. ನಾನೊಬ್ಳೇ ಹೋಗ್ತೀನಿ."

ನಾನು ಆಗಲೇ ತಪ್ಪಾಯ್ತು ಎಂದಿದ್ದರೆ ಮುಗಿಯುತ್ತಿತ್ತು. ನನಗೆ ನಿಜವಾಗಿ ಸುಸ್ತಾಗಿತ್ತು. ಸರಿ ಎಂದೆ. ಸೆಪ್ಟೆಂಬರಿನಲ್ಲಿ ಅವಳನ್ನು ವಿಮಾನ ಹತ್ತಿಸಿ ಬಂದು, ಸಂಜೆತನಕ ಸೋಫಾದಲ್ಲಿ ಬಿದ್ದುಕೊಂಡಿದ್ದೆ. ಯಾರೂ ಏಳು ಎನ್ನಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಯಿತು.

ಸ್ಟೌಟನ್ನು ಚೆಲ್ಲಲು ಮನಸ್ಸಾಗಲಿಲ್ಲ. ಅಂಗಡಿಯ ಮುದುಕನಿಗೆ ಒಂದು ಲೋಟ ಕೊಟ್ಟೆ. ಮೂಸಿ, ಒಂದು ಗುಟುಕು ಕುಡಿದು, ತಲೆಯಾಡಿಸಿದ. ಮೊದಲ ದಿನಗಳಲ್ಲಿ ಸೆಕೆ ತಿಂದ ಯೀಸ್ಟ್ ಹೀಗೇ ಸುಡುವ ಮದ್ಯ ಕಾರುತ್ತದೆ, ವರ್ಷ ಕಳೆದರೆ ಒಂಚೂರು ಮೆತ್ತಗಾದೀತು, ಪೂರ್ತಿ ಹೋಗಲಾರದು ಎಂದ. ನಲವತ್ತೆಂಟು ಬಾಟಲಿಗೆ ತುಂಬಿ ಹಾಸಿಗೆಯ ಕೋಣೆಯಲ್ಲೇ ಇಟ್ಟುಕೊಂಡೆ, ಬೇಸಿಗೆಯಲ್ಲೂ ಆ ಮನೆಯಲ್ಲಿ ತಂಪಿರುತ್ತಿದ್ದದ್ದು ಅದೊಂದೇ ಕಡೆ.

ಬೇಕಾದ್ದು ಸಿಕ್ಕಿತು, ಒಂದು ವರ್ಷ. ವಾರಕ್ಕೊಮ್ಮೆ ಪ್ರಾಸ್ಪೆಕ್ಟ್ ರೋಡಿನ ಇಂಡಿಯನ್ ಅಂಗಡಿಗೆ ಹೋಗಿ ಪ್ಯಾಕೆಟ್ ಇಡ್ಲಿ ಹಿಟ್ಟು, ಕರಿಬೇವು ತರುತ್ತಿದ್ದೆ. ಪೆಟ್ಟಿಗೆಗಳನ್ನು ಆಗಲೂ ಬಿಚ್ಚಲಿಲ್ಲ. ಪರ್ತ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಎರಡೂವರೆ. ನಾನು ಊಟ ಮುಗಿಸಿ ಫೋನ್ ಮಾಡಿದರೆ ಅವಳಿನ್ನೂ ಆಪರೇಷನ್ ಥಿಯೇಟರಿನಲ್ಲಿ. ಅವಳು ಮಾಡುವಾಗ ನನಗೆ ಆಕಳಿಕೆ. ದಿನಾ ಇದ್ದ ಮಾತು ಎರಡು ದಿನಕ್ಕೊಮ್ಮೆಯಾಯಿತು, ಆಮೇಲೆ ವಾರಕ್ಕೊಮ್ಮೆ. ಇಬ್ಬರೂ ಜಗಳವಾಡಲಿಲ್ಲ. ಜಗಳಕ್ಕೂ ಸ್ವಲ್ಪ ಶಕ್ತಿ ಬೇಕು.

ಮೊನ್ನೆ ಭಾನುವಾರ ಮಧ್ಯಾಹ್ನ ಮೊದಲ ಬಾಟಲಿ ತೆರೆದೆ. ಬಣ್ಣ ಚೆನ್ನಾಗಿತ್ತು, ನೊರೆ ಚೆನ್ನಾಗಿತ್ತು, ಕಾಫಿಯ ಘಮವೂ ಇತ್ತು. ನುಂಗಿದ ಮೇಲೆ ಇಂಜೆಕ್ಷನ್ನಿಗೆ ಮುಂಚೆ ಹಚ್ಚುವ ಸ್ಪಿರಿಟ್ಟಿನಂತೆ ಗಂಟಲು ಸುಟ್ಟಿತು. ಅರ್ಧ ಲೋಟಕ್ಕೆ ತಲೆ ಭಾರವಾಯಿತು. ಅವಳಿಗೆ ಫೋನ್ ಮಾಡಿ, ಬಾಟಲಿ ತೆರೆದೆ ಎಂದೆ.

"ಹೇಗಿದೆ?" ಎಂದಳು.

"ಚೆನ್ನಾಗಿಲ್ಲ. ಸುಡತ್ತೆ." ಲೋಟ ಪಕ್ಕಕ್ಕಿಟ್ಟು ಹೇಳಿದೆ, "ನಂಗೆ ಇಲ್ಲಿ ಸಾಕಾಯ್ತು ಕಣೆ. ಬಂದ್ಬಿಡ್ತೀನಿ. ಅವತ್ತು ಹಾಗೆ ಅನ್ಬಾರ್ದಿತ್ತು."

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನನಗೆ ಗುರುತು ಸಿಗುತ್ತಿತ್ತು.

"ಹ್ಞೂಂ. ಬರೋ ಹಾಗಿದ್ರೆ ಒಂದ್ ವಾರ ಮುಂಚೆ ಹೇಳು," ಎಂದಳು. "ನಿನ್ ಕಡೆ ವಾರ್ಡ್‌ರೋಬಲ್ಲೂ ನನ್ ಬಟ್ಟೆ ಇಟ್ಬಿಟ್ಟಿದೀನಿ. ಖಾಲಿ ಮಾಡ್ಬೇಕು."

ಅವಳ ಬಟ್ಟೆ ಎಷ್ಟಿದೆ ಎಂದು ನನಗೆ ಗೊತ್ತು, ಮೂರು ಊರಿಗೆ ನಾನೇ ಮಡಿಸಿ ಹೊತ್ತವನು. ಅರ್ಧ ಗಂಟೆ ಸಾಕು. ಅವಳು ಒಂದು ವಾರ ಕೇಳಿದಳು. ಆಗಲಿ, ಹೇಳುತ್ತೇನೆ ಎಂದೆ.