ಹುರುಳಿಯ ಮೇಲೆ ಹೊಗೆ ಸುಟ್ಟದ್ದು

ನನ್ನ ಲಾರಿಗೆ ಆರು ಚಕ್ರ, ಒಬ್ಬ ಡ್ರೈವರ್, ಒಬ್ಬ ಮಾಲೀಕ. ಡ್ರೈವರೂ ನಾನೇ, ಮಾಲೀಕನೂ ನಾನೇ. ಹಾಗಾಗಿ ಇಬ್ಬರ ಚಿಂತೆಯನ್ನೂ ಒಬ್ಬನೇ ಮಾಡಬೇಕಾಗುತ್ತದೆ. ಅದರಲ್ಲಿ ನಾನು ಯಾವತ್ತೂ ಕೊರತೆ ಮಾಡಿದವನಲ್ಲ. ಹೂಗ್ಯಂ, ಕೌದಳ್ಳಿ, ಹನೂರು ಕಡೆಯ ಮುಸುಕಿನ ಜೋಳವನ್ನು ಕೊಳ್ಳೇಗಾಲದ ಗೋದಾಮಿಗೆ ತಂದು ಇಳಿಸುವುದು ನನ್ನ ಕೆಲಸ. ಹಗ್ಗ ಸಡಿಲವಾಯಿತೇ, ಟಾರ್ಪಾಲು ಹಾರಿತೇ, ಟೈರು ಕಾದಿತೇ ಎಂದು ದಾರಿಯಲ್ಲಿ ಮೂರು ಸಲ ಇಳಿದು ನೋಡುತ್ತೇನೆ. ಏನೂ ಆಗಿರುವುದಿಲ್ಲ. ಏನೂ ಆಗದಿರುವುದಕ್ಕೆ ನಾನು ಇಳಿದು ನೋಡುವುದೇ ಕಾರಣ ಎಂದು ಹೆಂಡತಿಗೆ ಹೇಳಿ ನಗಿಸಿದ್ದೇನೆ.

ಹಿಂದೆ ನನ್ನ ಹತ್ತಿರ ಇದ್ದ ಹಳೆಯ ಲಾರಿ ದಿಣ್ಣೆ ಹತ್ತುವಾಗ ಬಿಡುತ್ತಿದ್ದ ಕರೀ ಹೊಗೆಗೆ ಹಿಂದಿನ ಬೈಕಿನವರು ನನ್ನ ವಂಶವನ್ನೆಲ್ಲ ನೆನೆಯುತ್ತಿದ್ದರು. ಅವರು ನೆನೆದದ್ದರಲ್ಲಿ ತಪ್ಪಿರಲಿಲ್ಲ. ಆ ಹೊಗೆ ನಿಲ್ಲಬೇಕಾಗಿತ್ತು, ಹೊಸ ನಿಯಮ ಬಂತು, ನಿಂತಿತು. ಈಗಿನ ನನ್ನ ಲಾರಿಯ ಸೈಲೆನ್ಸರಿಗೆ ಬಿಳಿ ಕರ್ಚೀಫು ಹಿಡಿದರೂ ಮಸಿಯಾಗುವುದಿಲ್ಲ, ಹಿಡಿದು ನೋಡಿದ್ದೇನೆ. ಆದರೆ ಆ ಮಸಿ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಲಾರಿಯ ಹೊಟ್ಟೆಯ ಕೆಳಗೆ ಒಂದು ಫಿಲ್ಟರಿನಲ್ಲಿ ಕೂತಿರುತ್ತದೆ. ಅದನ್ನು ಆಗಾಗ ಸುಡಬೇಕು. ಅರ್ಧ ಗಂಟೆ ಎಡೆಬಿಡದೆ ಒಳ್ಳೆಯ ವೇಗದಲ್ಲಿ ಓಡಿಸಿದರೆ ಫಿಲ್ಟರು ಕೆಂಡದ ಹಾಗೆ ಕಾದು, ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ.

ಆ ಅರ್ಧ ಗಂಟೆ ನಮ್ಮ ಕಡೆ ಸಿಗುವುದಿಲ್ಲ. ನಿಯಮ ಬರೆದವರ ಕಣ್ಣೆದುರು ಇದ್ದದ್ದು ಬೆಳಗ್ಗೆ ಹೊರಟರೆ ಸಂಜೆಗೆ ಬೇರೆ ರಾಜ್ಯ ಸೇರುವ ಲಾರಿ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ನನ್ನದು ಕೌದಳ್ಳಿ ಬಿಟ್ಟರೆ ಮೊದಲು ಹಂಪು, ಆಮೇಲೆ ಮೇಕೆ ಮಂದೆ, ಮೇಕೆಯವನ ಫೋನು ಮುಗಿಯುವ ತನಕ ಕಾಯುವುದು, ಮತ್ತೆ ಹಂಪು. ಫಿಲ್ಟರು ಕಾಯುವಷ್ಟರಲ್ಲಿ ಗೋದಾಮು ಬಂದಿರುತ್ತದೆ. ಆಗ ಮುಂದಿನ ಬೋರ್ಡಿನಲ್ಲಿ ಕಿತ್ತಳೆ ದೀಪ ಹತ್ತುತ್ತದೆ. ದೀಪ ಸುಮ್ಮನೆ ಉರಿದರೆ, ಓಡಿಸಿ ಸುಡು ಎಂದು ಅರ್ಥ. ಮಿನುಗಲು ಶುರುವಾದರೆ, ಈಗಿಂದೀಗಲೇ ಒಂದು ಕಡೆ ನಿಲ್ಲಿಸಿ, ಗುಂಡಿ ಒತ್ತಿ, ನಿಂತಲ್ಲೇ ಸುಡು ಎಂದು. ಅದನ್ನೂ ಕೇಳದಿದ್ದರೆ ಲಾರಿ ಮುನಿಸಿಕೊಂಡು ಎತ್ತಿನ ಗಾಡಿಯ ವೇಗಕ್ಕೆ ಇಳಿಯುತ್ತದೆ. ಕೊಳ್ಳೇಗಾಲದ ನಮ್ಮ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದವನು. ಈಗ ಅವನೂ ಕೈ ಒರೆಸಿಕೊಂಡು, "ಲ್ಯಾಪ್‌ಟಾಪು ಮೈಸೂರಿಂದ ಬರ್ಬೇಕು ಸಾ" ಎನ್ನುತ್ತಾನೆ.

ಇದಕ್ಕೆ ನಾನೇ ಒಂದು ಔಷಧಿ ಕಂಡುಕೊಂಡಿದ್ದೆ. ವಾರಕ್ಕೊಮ್ಮೆ ಖಾಲಿ ಲಾರಿಯನ್ನು ಯಳಂದೂರಿನ ಕಡೆಯ ದೊಡ್ಡ ರಸ್ತೆಗೆ ಹತ್ತಿಸಿ, ಒಂದೇ ಉಸಿರಿನಲ್ಲಿ ಓಡಿಸಿ, ಮಾಂಬಳ್ಳಿಯ ಹತ್ತಿರ ಊರ ರಸ್ತೆಯೊಂದರಲ್ಲಿ ತಿರುಗಿಸಿಕೊಂಡು ವಾಪಸು ಬರುವುದು. ಸಾಗಿಸಲು ಮಾಲಿಲ್ಲ, ಹೋಗಬೇಕಾದ ಊರಿಲ್ಲ. ಮಸಿ ಸುಡಲು ಡೀಸಲ್ ಸುಡುವ ಯಾತ್ರೆ. ನಾಚಿಕೆಯಾಗುತ್ತಿತ್ತು, ಆದರೆ ದೀಪ ಆರುತ್ತಿತ್ತು.

ಮೊನ್ನೆ ಸುಗ್ಗಿಯ ಹೊತ್ತಿನಲ್ಲಿ ಹೀಗೆಯೇ ಓಡಿಸಿಕೊಂಡು ಮಾಂಬಳ್ಳಿಯ ಆ ತಿರುವಿಗೆ ಬಂದೆ. ಬೆಳಗಿನ ಹತ್ತು ಗಂಟೆಯಿರಬೇಕು. ಊರ ರಸ್ತೆಯ ತುಂಬ ಹುರುಳಿ ಗಿಡ ಹರಡಿತ್ತು. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ಡಾಂಬರು ರಸ್ತೆಯೇ ಕಣ, ಹೋಗಿ ಬರುವ ಗಾಡಿಗಳೇ ರೋಣಗಲ್ಲು. ಎರಡೂ ತುದಿಗೆ ಕಲ್ಲಿಟ್ಟು, ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಕವೆಗೋಲು ಹಿಡಿದು ಗಿಡವನ್ನು ಮಗುಚುತ್ತಿದ್ದಳು. ಬೆಳಗಿನಿಂದ ಎರಡು ಬೈಕು, ಒಂದು ಆಟೋ ಬಿಟ್ಟರೆ ಯಾವ ಗಾಡಿಯೂ ಬಂದಿರಲಿಲ್ಲವಂತೆ. ನನ್ನನ್ನು ಕಂಡು ಅವಳ ಮುಖ ಅರಳಿತು.

"ಏಯ್ ಲಾರಿಯಪ್ಪ! ಖಾಲಿ ಗಾಡಿ ತಕಂಡು ಎಲ್ಲಿಗೆ ಸವಾರಿ?"

"ಎಲ್ಲಿಗೂ ಇಲ್ಲ ಕಣವ್ವ. ಸುಮ್ನೆ ಓಡುಸ್ತಾ ಇವ್ನಿ."

"ಸುಮ್ನೆ! ಯಾಕೆ, ಮಾವನ ಮನೇರು ಡೀಸಲ್ ಬಾವಿ ಬಳುವಳಿ ಕೊಟ್ಟವ್ರಾ?"

"ಲಾರಿಗೆ ಮೈ ಬಿಸಿ ಆಗ್ಬೇಕಂತೆ ಅವ್ವ. ಇಲ್ದಿದ್ರೆ ಕಾಯ್ಲೆ ಬೀಳ್ತದೆ."

"ಅಂಗಾರೆ ಬಾ, ನನ್ನ ಉಳ್ಳಿ ಮ್ಯಾಲೆ ಬಿಸಿ ಮಾಡ್ಕೊ. ಮೂರು ಮನೆ ಉಳ್ಳಿ ಕಣಪ್ಪ ಇದು. ನಂದು, ನನ್ನ ಇಬ್ರು ಎಣ್ಮಕ್ಳುದು. ವರ್ಸ ಪೂರ್ತಿ ಸಾರಿಗೆ ಇದೇಯ. ಬೆಟ್ಟದ ಮ್ಯಾಗೆ ಮೋಡ ಕೂತದೆ ನೋಡು. ಇವತ್ತು ಕಾಳು ಬ್ಯಾರೆ ಆಗ್ನಿಲ್ಲ ಅಂದ್ರೆ ನಾಳೆ ನೆಂದು ಮೊಳಕೆ ಒಡಿತದೆ."

ನನಗೆ ತಲೆಯಲ್ಲಿ ದೀಪ ಹತ್ತಿದಂತಾಯಿತು. ಎಷ್ಟು ವಾರದಿಂದ ದಂಡಕ್ಕೆ ಡೀಸಲ್ ಸುಡುತ್ತಿದ್ದೇನೆ! ಇಂದು ಅದೇ ಡೀಸಲಿನಲ್ಲಿ ಮೂರು ಮನೆಯ ಹುರುಳಿ ಒಕ್ಕಣೆ. ಸರ್ಕಾರಕ್ಕೂ ಹೊಳೆಯದ್ದು ನನಗೆ ಹೊಳೆಯಿತು ಎಂದು ಬೀಗುತ್ತ ಹುರುಳಿಯ ಮೇಲೆ ಲಾರಿ ಹತ್ತಿಸಿದೆ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಆದಷ್ಟು ಬಿರುಸಾಗಿಯೇ ಹೋದೆ, ಫಿಲ್ಟರು ತಣ್ಣಗಾಗಬಾರದಲ್ಲ. ಅವಳು ಬದಿಗೆ ಸರಿದು, "ಮೆಲ್ಲುಗ್ಲಾ, ಕಾಳು ಇಬ್ಬಾಗ ಆಯ್ತವೆ!" ಎಂದು ಕೂಗಿದ್ದು ಕೇಳಿಸಿತು. ನಾನು ಕೈ ಬೀಸಿದೆ.

ಆರನೆಯ ಸಲಕ್ಕೆ ದೀಪ ಮಿನುಗಲು ಶುರುವಾಯಿತು. ದೊಡ್ಡ ರಸ್ತೆಯಲ್ಲಿ ಮಸಿ ಅರ್ಧ ಸುಟ್ಟಿತ್ತು. ಇಲ್ಲಿ ತುದಿತುದಿಗೂ ನಿಲ್ಲಿಸಿ ತಿರುಗಿಸಿದ್ದರಿಂದ ಸುಡುವುದು ಅಲ್ಲಿಗೇ ನಿಂತಿತ್ತು. ನನ್ನ ಜಾಣತನವೇ ಲಾರಿಯನ್ನು ಕೆಡಿಸಿತ್ತು. ಇನ್ನು ನಿಂತಲ್ಲೇ ಸುಡುವುದೊಂದೇ ದಾರಿ.

ಇಲ್ಲಿ ನನ್ನ ಮುಂಜಾಗ್ರತೆಯನ್ನು ಹೇಳಲೇಬೇಕು. ಲಾರಿಯ ಜೊತೆ ಕೊಟ್ಟ ಪುಸ್ತಕವನ್ನು ಪೂರ್ತಿ ಓದಿದ ಮಾಲೀಕ ಈ ಮೂರು ತಾಲ್ಲೂಕಿನಲ್ಲಿ ನಾನೊಬ್ಬನೇ ಇದ್ದೇನು. ನಿಂತು ಸುಡುವಾಗ ಒಣಹುಲ್ಲಿನ ಮೇಲೆ ನಿಲ್ಲಿಸಬಾರದು, ಬೆಂಕಿ ಹತ್ತೀತು ಎಂದು ಅದರಲ್ಲಿದೆ. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಆದ್ದರಿಂದ ರಸ್ತೆಯ ಎರಡೂ ಬದಿಯನ್ನು ನೋಡಿದೆ. ಬದಿಯಲ್ಲೆಲ್ಲ ಒಣಗಿದ ಹುಲ್ಲು, ಅದರಾಚೆ ಕಬ್ಬು. ಸದ್ಯ, ನೋಡಿದ್ದು ಒಳ್ಳೆಯದಾಯಿತು ಎಂದುಕೊಂಡು ಹುಲ್ಲಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರಕ್ಕೆ, ರಸ್ತೆಯ ನಟ್ಟನಡುವೆ ನಿಲ್ಲಿಸಿದೆ. ನಟ್ಟನಡುವೆ ಎಂದರೆ ಹುರುಳಿಯ ಮೇಲೆ. ಹುರುಳಿಯೂ ಒಣಗಿದ ಗಿಡವೇ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಹುಲ್ಲು ಎಂದರೆ ದನ ಮೇಯುವುದು, ಬದುವಿನಲ್ಲಿ ಬೆಳೆಯುವುದು. ಇದು ಫಸಲು. ಕಣದಲ್ಲಿ ಹರಡಿದ ಫಸಲನ್ನು ಹುಲ್ಲು ಎಂದು ನಮ್ಮ ಕಡೆಯ ಯಾರಾದರೂ ಅಂದಾರೆಯೇ?

ಗುಂಡಿ ಒತ್ತಿದೆ. ಆಕ್ಸಿಲರೇಟರಿನ ಮೇಲೆ ಯಾರೂ ಕಾಲಿಡದೆ ಎಂಜಿನ್ನು ತಾನೇ ಗೊರಗೊರ ಎನ್ನುತ್ತ ಏರಿತು. ನಾನು ಕೆಳಗಿಳಿದೆ. ಅವಳು ಕವೆಗೋಲು ಊರಿಕೊಂಡು ಲಾರಿಯನ್ನೇ ನೋಡುತ್ತಿದ್ದಳು.

"ನಿಂತೇ ಡೀಸಲ್ ಕುಡಿತದಲ್ಲಪ್ಪ ಇದು. ಏನ್ ಮಾಡ್ತಾ ಅದೆ?"

"ಹೊಗೆಯ ಸುಡ್ತಾ ಅದೆ ಅವ್ವ."

"ಹೊಗೆಯ ಸುಡದಾ? ಸುಟ್ಟ ಮ್ಯಾಲೆ ಬರದೆ ಅಲ್ವಾ ಹೊಗೆ?"

"ಈ ಲಾರಿ ಹೊಗೆ ಬುಡಲ್ಲ ಅವ್ವ. ಇದು ಆ ಹೊಗೆಯ ಮಸಿ. ಎಂಜಿನ್ನಿಂದ ಬಂದದ್ದ ಇಡ್ಕಂಡು, ಇನ್ನೊಂದ್ಸಲ ಸುಡದು."

"ಅದುಕ್ಕೆ ಮತ್ತೆ ಡೀಸಲ್ಲು?"

"ಊಂ."

"ಮನೇಲಿ ಇಂಗೆ ಒಲೆ ಉರಿಸಿದ್ರೆ ನಮ್ಮತ್ತೆ ಓಡಿಸ್ಬುಡ್ತಿದ್ಲು" ಎಂದಳು.

ನಾನು ನಗುತ್ತಿದ್ದೆ. ಅವಳು ನಗು ನಿಲ್ಲಿಸಿ ಮೂಗೆತ್ತಿದಳು. "ನಿನ್ ಲಾರಿ ಹೊಗೆ ಬುಡಲ್ಲ ಅಂದ್ಯಲ್ಲಪ್ಪ?"

ಹೊಗೆ ಬರುತ್ತಿದ್ದದ್ದು ಲಾರಿಯಿಂದಲ್ಲ, ಲಾರಿಯ ಕೆಳಗಿನಿಂದ. ಬಗ್ಗಿ ನೋಡಿದರೆ ಸೈಲೆನ್ಸರಿನ ಬಾಯಿಯ ಎದುರು ಹುರುಳಿ ಹೊಟ್ಟು ಕೆಂಪಗೆ ಹತ್ತಿಕೊಂಡು, ಅಂಚಿನಲ್ಲಿ ಸಣ್ಣ ನಾಲಗೆಯಂತೆ ಉರಿ ಏಳುತ್ತಿತ್ತು. ದಿನಕ್ಕೆ ನೂರು ಚಿಂತೆ ಮಾಡುವ ನಾನು ಆ ಕ್ಷಣ ಒಂದನ್ನೂ ಮಾಡದೆ ಮರದಂತೆ ನಿಂತುಬಿಟ್ಟೆ.

"ಏಯ್! ಗಾಡಿ ತಗಿಲಾ! ನನ್ ಮೂರ್ ಮನೆ ಉಳ್ಳಿ ಕಣ್ಲಾ!"

ಆಗ ಓಡಿದೆ. ಸುಡುವ ಗುಂಡಿ ಆರಿಸಿ, ಲಾರಿಯನ್ನು ಹುರುಳಿ ಇಲ್ಲದ ಬರೀ ಡಾಂಬರಿಗೆ ತಂದೆ. ತಿರುಗಿ ನೋಡುವಷ್ಟರಲ್ಲಿ ಅವಳು ಕವೆಗೋಲಿನಿಂದ ಉರಿಯುವ ಗಿಡವನ್ನು ಉಳಿದದ್ದರಿಂದ ಬೇರೆ ಮಾಡುತ್ತಿದ್ದಳು, ನಡುವೆ ಒಂದು ಮಾರು ಬರೀ ರಸ್ತೆ ಬಿಟ್ಟು. ಗಾಳಿ ಉರಿಯನ್ನು ರಾಶಿಯ ಕಡೆಗೇ ತಳ್ಳುತ್ತಿತ್ತು. "ನೀರು! ನೀರು ಇಲ್ವೇನ್ಲಾ?"

ನನ್ನ ಕುಡಿಯುವ ನೀರಿನ ಬಾಟಲಿನಲ್ಲಿ ಎರಡು ಗುಟುಕು ಉಳಿದಿತ್ತು. ಆದರೆ ಸೀಟಿನ ಹಿಂದೆ ಎರಡು ದೊಡ್ಡ ಕ್ಯಾನು ಯೂರಿಯಾ ನೀರಿತ್ತು. ಹೊಗೆಯನ್ನು ಇನ್ನಷ್ಟು ಶುದ್ಧಿ ಮಾಡಲು ಈ ಲಾರಿಗೆ ಬೇರೆ ಟ್ಯಾಂಕಿನಲ್ಲಿ ಹಾಕುವ ನೀರು ಅದು. ಮುಗಿದರೆ ಲಾರಿ ಹೊರಡುವುದಿಲ್ಲ ಎಂಬ ಹೆದರಿಕೆಗೆ ನಾನು ಯಾವಾಗಲೂ ಎರಡು ಕ್ಯಾನು ಹೆಚ್ಚಿಗೆ ಇಟ್ಟಿರುತ್ತೇನೆ. ಎರಡನ್ನೂ ಎಳೆದು ತಂದು ಸುರಿದೆ. ಚುಯ್ ಎಂದು ಸದ್ದು, ಮೂಗು ಸುಡುವ ಘಾಟು. ಅವಳು ಕವೆಗೋಲಿನಿಂದ ಬಡಿದಳು, ನಾನು ಖಾಲಿ ಕ್ಯಾನಿನಿಂದ ಬಡಿದೆ. ಬೆಂಕಿ ನಂದಿತು.

ಒಂದು ಹಾಸಿಗೆಯಷ್ಟು ಜಾಗ ಕಪ್ಪಾಗಿತ್ತು. ಮಿಕ್ಕದ್ದೆಲ್ಲ ಉಳಿದಿತ್ತು. "ಅವ್ವ, ನೆಂದಿರದ ತಿನ್ಬೇಡಿ. ಅದು ಯೂರಿಯಾ."

"ಗೊತ್ತು ಬುಡಪ್ಪ. ದನ ಅದ ತಿಂದ್ರೆ ಉಳಿತವಾ?" ಎಂದು ಅವಳು ನೆಂದದ್ದನ್ನೆಲ್ಲ ಕಟ್ಟಿ ದೂರದ ಹೊಲದ ಮೂಲೆಗೆ ಎಸೆಸಿದಳು. ಎಸೆದವನು ನಾನೇ. ಆಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಎಲ್ಲಿಗೊಂಟೆ? ಮಿಕ್ಕಿದ್ದ ಯಾರು ತುಳಿಸ್ತಾರೆ?"

"ಬಿಸಿ ಆರ್ಲಿ ಅವ್ವ. ಆಮೇಲೂ ಇದು ಓಡ್ತದೋ ಇಲ್ವೋ."

ಗಂಟೆಗಟ್ಟಲೆ ಕಾದೆವು. ಬಿಸಿ ಆರಿತೇ ಎಂದು ಸೈಲೆನ್ಸರಿನ ಹತ್ತಿರ ನಾನು ಹುರುಳಿ ಹೊಟ್ಟನ್ನೇ ಹಿಡಿದು ಪರೀಕ್ಷೆ ಮಾಡಿದೆ. ಲಾರಿ ಹೊರಟಿತು, ಆದರೆ ನಾನು ಹೆದರಿದ್ದ ಹಾಗೆಯೇ ಮುನಿಸಿಕೊಂಡಿತ್ತು: ಎಷ್ಟು ಒತ್ತಿದರೂ ನಡಿಗೆಯ ವೇಗ. ಹುರುಳಿಯ ಮೇಲೆ ಅದು ತೆವಳುತ್ತ ಹೋಯಿತು, ತೆವಳುತ್ತ ಬಂತು. ನಾನು ಪ್ರತಿ ಸುತ್ತಿಗೂ ಇಳಿದು ಕೆಳಗೆ ಇಣುಕಿದೆ. ಸ್ಕೂಟರಿನಲ್ಲಿ ಬಂದ ಆ ಊರಿನವನೊಬ್ಬ ಕಾಲು ಊರಿ ನಿಂತು, "ಏನ್ ಸಾ, ಹೊಸಾ ಲಾರಿಗೆ ನೊಗ ಕಟ್ಟಿದ್ದೀರಾ?" ಎಂದ. ಉತ್ತರ ಅವಳೇ ಕೊಟ್ಟಳು: "ಸುಮ್ನೆ ಓಗ್ಲಾ. ಬೆಳಗಿಂದ ಈಗ ನೋಡು ಸರಿಯಾಗ್ ಓಡಿಸ್ತಾ ಅವ್ನೆ. ಒಂದ್ ಕಾಳಾರ ಒಡಿದದಾ?"

ನಿಜ. ಬಿರುಸಿನಲ್ಲಿ ತುಳಿಸಿದಾಗ ಅರ್ಧಕ್ಕರ್ಧ ಬೇಳೆಯಾಗಿ ಸಿಡಿದಿದ್ದ ಹುರುಳಿ ಈಗ ಇಡಿಯಾಗಿ ಉದುರುತ್ತಿತ್ತು. ಕೋಟಿಗಟ್ಟಲೆ ಬುದ್ಧಿ ಸುರಿದು ಮಾಡಿದ ಯಂತ್ರ ತನ್ನ ಕೋಪದಲ್ಲಿ ಹಳೆಯ ಎತ್ತಿನ ಕೆಲಸವನ್ನು ಚೆನ್ನಾಗಿ ಮಾಡುತ್ತಿತ್ತು. ಹೊಗೆ ಬೇಡ ಎಂದವರ ಮಾತಿಗೆ ನಾನು ಈಗಲೂ ಒಪ್ಪಿ ಕೈ ಎತ್ತುತ್ತೇನೆ. ಹಂಪು, ಮೇಕೆ, ಒಕ್ಕಣೆ ಇರುವ ರಸ್ತೆಗೆ ಬೇರೆ ಲೆಕ್ಕ ಬೇಕಿತ್ತು, ಅದನ್ನು ಕೇಳಲು ಯಾರೂ ಈ ಕಡೆ ಬರಲಿಲ್ಲ. ಇಷ್ಟು ಹೇಳಲು ನನಗೆ ಯಾವ ಅಳುಕೂ ಇಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಅವಳು ಗಾಳಿಗೆ ತೂರಿ, ಮೋಡ ಇಳಿಯುವ ಮೊದಲೇ ಮೂರು ಮನೆಯ ಹುರುಳಿಯನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದಳು. ಆ ನಡಿಗೆಯ ವೇಗದಲ್ಲಿ ಕೊಳ್ಳೇಗಾಲ ತಲುಪಿ, ಮೈಸೂರಿನ ಲ್ಯಾಪ್‌ಟಾಪಿಗೆ ಕಾಯಬೇಕಲ್ಲ ಎಂದು ನಾನು ಕ್ಯಾಬಿನ್ನಿಗೆ ಹತ್ತಿದೆ.

"ನಿಂತ್ಕೊ. ಎಲ್ಲಿಗೋಯ್ತಿಯೆ ನನ್ ಕಾಳ ಒತ್ಕಂಡು?"

ಟೈರಿನ ಸಂದುಗಳಲ್ಲೆಲ್ಲ ಹುರುಳಿ ಕಾಳು ಸಿಕ್ಕಿಕೊಂಡಿತ್ತು. ಪೊರಕೆಯಿಂದ ಎರಡು ಕಡ್ಡಿ ಕಿತ್ತು ಒಂದನ್ನು ನನಗೆ ಕೊಟ್ಟಳು. ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಕಾಳನ್ನು ಕಡ್ಡಿಯಿಂದ ಮೀಟಿ ಅವಳ ಸೆರಗಿಗೆ ಹಾಕತೊಡಗಿದೆವು. ಮುಂದಿನ ಚಕ್ರಗಳು ಮುಗಿದವು. ನಾನು ಎದ್ದು ಬೆನ್ನು ನೀವಿಕೊಂಡೆ. ಅವಳು ಹಿಂದಿನ ಜೋಡಿ ಚಕ್ರಗಳ ನಡುವೆ ಆಗಲೇ ತಲೆ ತೂರಿಸಿದ್ದಳು.

"ಇಲ್ಲಿ ಬಾರಪ್ಪ, ಇಲ್ಲಿ ಭಾರಿ ಅವೆ" ಎಂದಳು.